ಹಾರದ ಸಿಪಾಯಿ

ಬಂಗಾರಪೇಟೆ
೧೪-೩-೧೯೬೧

ಊರಿಗಾಂನಲ್ಲಿರುವ ಅಪ್ಪನವರಿಗೆ ಮುನಿಶಾಮಿಯ ನಮಸ್ಕಾರ.

ಭಾನುವಾರ ಸಿನಿಮಾ ನಡುವೆ ನಾನು ಎದ್ದು ಹೋದದ್ದು ಹೊಟ್ಟೆನೋವಿನಿಂದಲ್ಲ. ಪರದೆ ಮೇಲೆ ಸಿಪಾಯಿಗಳು ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಹಾರುತ್ತಿದ್ದಾಗ ನೀವು ಎದ್ದು ನಿಂತು, "ನಮ್ಮ ಉಡುಗ ಮಾಡೋ ಕೆಲ್ಸ ಇದೇ ಕಣ್ರಪ್ಪಾ!" ಅಂತ ಕೂಗಿದಿರಿ. ನಮ್ಮ ಗಣಿ ಲೈನಿನ ಮನೆಗಳವರೆಲ್ಲ ಚಪ್ಪಾಳೆ ಹೊಡೆದರು. ನನಗೆ ಅಲ್ಲಿ ಕೂರಲಾಗಲಿಲ್ಲ.

ಅಪ್ಪಾ, ನಾನು ಒಂದು ಸಲವೂ ಹಾರಿಲ್ಲ. ಆಗ್ರಾದ ತರಬೇತಿಯಲ್ಲಿ ಮೂರು ಸಲ ವಿಮಾನದ ಬಾಗಿಲವರೆಗೆ ಹೋಗಿ, ಕಂಬಿ ಹಿಡಿದುಕೊಂಡು ಅತ್ತೆ. ಆಮೇಲೆ ನನ್ನನ್ನು ಅಡುಗೆಮನೆಗೆ ಹಾಕಿದರು. ಎರಡು ವರ್ಷದಿಂದ ಚಪಾತಿ ಹಿಟ್ಟು ಕಲಸುತ್ತಿದ್ದೇನೆ. ದಿನವೂ ಗಣಿಯ ಆಳಕ್ಕೆ ಇಳಿಯುವ ನಿಮಗೆ ಇದನ್ನು ಹೇಳಲು ನಾಚಿಕೆಯಾಗಿ ಸುಳ್ಳು ಬರೆದೆ.

ಆ ಸುಳ್ಳು ನಂಬಿ ಹೆಣ್ಣು ಕೊಡಲು ಒಪ್ಪಿದವರಿಗೆ ಮೋಸವಾಗಬಾರದೆಂದು ನಿನ್ನೆ ಬೂದಿಕೋಟೆಗೆ ಹೋಗಿ ಸುಬ್ಬರಾಯಪ್ಪನವರಿಗೆ ಎಲ್ಲ ಹೇಳಿದೆ. ಅವರು, "ನಿಮ್ಮಪ್ಪನಿಗೆ ಏಳಿದ್ದೀಯೇನಪ್ಪಾ?" ಅಂದರು. ಇಲ್ಲ ಅಂದೆ. "ಮೊದ್ಲು ಅವ್ರಿಗೆ ಏಳು. ಮದುವೆ ಮಾತು ಆಮೇಲೆ" ಅಂದರು.

ಎದುರಿಗೆ ನಿಂತು ಹೇಳುವ ಧೈರ್ಯವಿಲ್ಲದೆ ಇಲ್ಲಿ ಕದಿರಮ್ಮ ಅತ್ತೆಯ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ರಜೆ ಮುಗಿಯಿತು, ಶುಕ್ರವಾರ ಇಲ್ಲಿಂದಲೇ ನನ್ನ ರೈಲು. ಮನೆಯಲ್ಲಿರುವ ನನ್ನ ಪೆಟ್ಟಿಗೆಯನ್ನು ಯಾರ ಕೈಲಾದರೂ ಕಳಿಸಿ. ನೀವೇ ತಂದರೆ, ಬೈದರೂ ಸರಿ, ಕಾಲಿಗೆ ಬಿದ್ದು ಹೊರಡುತ್ತೇನೆ.

ಗೋಡೆ ಮೇಲಿನ ನನ್ನ ಫೋಟೋ ಇಳಿಸಿಬಿಡಿ. ಅದರಲ್ಲಿ ಎದೆ ಮೇಲಿರುವ, ಹಾರಿದವರಿಗೆ ಮಾತ್ರ ಕೊಡುವ ರೆಕ್ಕೆಯ ಬಿಲ್ಲೆ ನನ್ನದಲ್ಲ. ಫೋಟೋ ತೆಗೆಸುವ ದಿನ ಗೆಳೆಯನದನ್ನು ಕೇಳಿ ಹಾಕಿಕೊಂಡಿದ್ದೆ.

ನಿಮ್ಮ ಮಗ
ಮುನಿಶಾಮಿ