ಟೈರಿನ ದಂಬೆಯಲ್ಲಿ ಕೆಂಪು ಹೊಯಿಗೆ

ಕಡಬ
೧೧-೧-೧೯೮೨, ಸೋಮವಾರ

ಮರ್ಕಂಜದಲ್ಲಿ ತಂಗಿಯ ಮನೆಯ ಚಾವಡಿಯಲ್ಲಿ ಸಿಟ್ಟು ಹಾಸಿಕೊಂಡು ಕುಳಿತಿರುವ ನಮ್ಮ ಯಜಮಾನರಿಗೆ ವಾರಿಜಾಕ್ಷಿಯ ನಮಸ್ಕಾರಗಳು.

ಇವತ್ತು ಸೋಮವಾರದ ಒಪ್ಪೊತ್ತು. ಬೆಳಿಗ್ಗೆ ಎದ್ದು ಅಂಗಳಕ್ಕೆ ಸೆಗಣಿ ಸಾರಿಸಿ, ದನ ಕರೆದು, ತುಳಸಿಗೆ ನೀರೆರೆದು, ಪುತ್ತೂರಿನ ಮಹಾಲಿಂಗೇಶ್ವರನಿಗೆ ಇಲ್ಲಿಂದಲೇ ಕೈ ಮುಗಿದು ಈ ಕಾಗದಕ್ಕೆ ಕುಳಿತಿದ್ದೇನೆ. ಒಂದೇ ಮಾತಿನಲ್ಲಿ ಹೇಳುವುದಾದರೆ ನಿಮ್ಮ ಮಗ ಗೆದ್ದ. ಉಳಿದದ್ದನ್ನು ಓದಲು ಮನಸ್ಸಿಲ್ಲದಿದ್ದರೆ ತಂಗಿಯ ಕೈಯಲ್ಲಿ ಓದಿಸಿ ಕೇಳಿ.

ಸರ್ವೋತ್ತಮ ಕೇರಳದ ಮರಳು ಕಾರ್ಖಾನೆಯ ಕೆಲಸ ಬಿಟ್ಟು ಬಂದು, ನಮ್ಮ ತೋಡಿನ ನೀರು ತರುವ ಹೊಯಿಗೆಯಲ್ಲೂ ಕೆಂಪು ಕಲ್ಲಿನ ಪುಡಿ ಉಂಟು, ಆಚಾರಿಗಳು ಮರ ಉಜ್ಜುವ ಕಾಗದಕ್ಕೆ ಅದು ಬೇಕು, ಬೇರೆ ಮಾಡಿ ಮಾರುತ್ತೇನೆ ಎಂದಾಗ ನೀವು ಏನೆಲ್ಲ ಅಂದಿರಿ ಎಂದು ಬರೆಯುವುದಿಲ್ಲ. ಮೆಟ್ಟಲಿಳಿಯುವಾಗ ಅಂದದ್ದು ಒಂದನ್ನು ಮಾತ್ರ ನೆನಪಿಸುತ್ತೇನೆ. “ಆ ಟೈರಿನಲ್ಲಿ ಕೆಂಪು ಬೇರೆ ಬಿಳಿ ಬೇರೆ ಬಿದ್ದ ದಿನ ನಾನು ಈ ಮೆಟ್ಟಲು ಹತ್ತುದು. ಅಲ್ಲಿವರೆಗೆ ಇಲ್ಲ.” ಮಗ ಅದನ್ನು ಕೇಳಿಸಿಕೊಂಡಿದ್ದ. ಅಂದಿನಿಂದ ಅವನು ಸರಿಯಾಗಿ ಕುಳಿತು ಉಂಡದ್ದಿಲ್ಲ. ಅಪ್ಪ ಮನೆ ಬಿಟ್ಟದ್ದು ತನ್ನಿಂದ ಎಂಬುದೇ ಅವನ ತಲೆಯಲ್ಲಿ.

ನೀವು ಹೋಗುವಾಗ ಅಂಗಳದಲ್ಲಿ ಇದ್ದದ್ದು ಹಳೆ ಟೈರಿನ ರಾಶಿ. ಆಮೇಲೆ ಪುತ್ತೂರಿನ ಟೈರ್ ಅಂಗಡಿಯ ಅಹ್ಮದ್ ಕುಂಞಿ ಬಂದು ಒಂದೊಂದನ್ನೂ ಸುತ್ತಲೂ ನಡುವಿಗೆ ಸೀಳಿ, ಬಳೆಯನ್ನು ಒಂದು ಕಡೆ ಕಡಿದು ಬಿಡಿಸಿ, ಒಂದರ ಬಾಲಕ್ಕೆ ಇನ್ನೊಂದನ್ನು ಬೋಲ್ಟು ಹಾಕಿ ಸೇರಿಸಿ, ತೋಡಿನ ಬದಿಯಲ್ಲಿ ಕಂಬ ನೆಟ್ಟು ಅದಕ್ಕೆ ಸುತ್ತಿದ. ನೋಡಲು ಕಂಬಕ್ಕೆ ಹೆಬ್ಬಾವು ಸುತ್ತಿಕೊಂಡ ಹಾಗೆ, ನೀರು ಹರಿದಿಳಿಯುವ ಒಂದು ದಂಬೆ. ಮೇಲೆ ಹೊಯಿಗೆ ಕಲಸಿದ ನೀರು ಬಿಡುವುದು. ಸುತ್ತುತ್ತ ಇಳಿಯುವಾಗ ಹಗುರದ ಬಿಳಿ ಹೊಯಿಗೆ ನೀರಿನೊಟ್ಟಿಗೆ ಹೊರಗಿನ ಅಂಚಿಗೆ ಓಡುತ್ತದೆ. ತೂಕದ ಕೆಂಪು ಕಂಬದ ಬದಿಗೇ ಒತ್ತಿಕೊಂಡು ಮೆಲ್ಲಗೆ ಬರುತ್ತದೆ. ಕೆಳಗೆ ಎರಡಕ್ಕೂ ಬೇರೆ ಬೇರೆ ಬಾಯಿ. ಜರಡಿಯೂ ಬೇಡ, ಕರೆಂಟೂ ಬೇಡ.

ಮೊನ್ನೆ ಶನಿವಾರ ಅದರ ಪರೀಕ್ಷೆ. ಕೆಂಪು ಕೊಳ್ಳುವ ವ್ಯಾಪಾರಿ ಮಂಗಳೂರಿನಿಂದ ಬಂದಿದ್ದರು. ನೆರೆಮನೆಯ ದೇರಣ್ಣ ಕರೆಯದೆಯೇ ಬಂದಿದ್ದರು. ನೀರು ಬಿಟ್ಟರೆ ಎಲ್ಲವೂ ಎಡವಟ್ಟು. ತೆಳ್ಳಗೆ ಹರಡಬೇಕಾದ ನೀರು ಕೆಸುವಿನ ಎಲೆಯ ಮೇಲಿನ ಹಾಗೆ ಉಂಡೆ ಉಂಡೆಯಾಗಿ ಜಾರಿತು. ಕೆಂಪೂ ಬಿಳಿಯೂ ಗಂಟು ಕಟ್ಟಿ ಒಂದೇ ಬಾಯಿಯಲ್ಲಿ ಬಿದ್ದವು. ದೇರಣ್ಣ ಎಲೆಯಡಿಕೆ ಉಗಿದು, “ಇದನ್ನು ಬಿಚ್ಚಿ ಪುನಃ ಲಾರಿಗೆ ಹಾಕು ಮಾರಾಯ, ಪುತ್ತೂರಿಗಾದರೂ ಮುಟ್ಟೀತು” ಎಂದರು. ವ್ಯಾಪಾರಿ ವಾಚು ನೋಡಿಕೊಂಡರು. ಮಗನ ಮುಖ ನೋಡಲು ನನ್ನಿಂದಾಗಲಿಲ್ಲ.

ಅಹ್ಮದ್ ಕುಂಞಿ ದಂಬೆಯೊಳಗೆ ಬೆರಳು ಎಳೆದು ಮೂಗಿಗೆ ಹಿಡಿದ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ, “ಅಕ್ಕಾ, ಈ ಟೈರಿಗೆ ಎಣ್ಣೆಸ್ನಾನ ಮಾಡಿಸಿದ್ದು ಯಾರು?”

ಯಾರೆಂದು ನಿಮಗೆ ಹೇಳಬೇಕಾಗಿಲ್ಲ. ನೇಗಿಲಾಗಲಿ ಕತ್ತಿಯಾಗಲಿ, ಹೊಸತು ಎಣ್ಣೆ ಕುಂಕುಮ ಕಾಣದೆ ನಮ್ಮಲ್ಲಿ ಕೆಲಸಕ್ಕೆ ಇಳಿದದ್ದುಂಟೇ? ಶುಕ್ರವಾರ ಸಂಜೆ ದೀಪ ಇಟ್ಟು, ಮೇಲಿನಿಂದ ಕೆಳಗಿನವರೆಗೆ ತೆಂಗಿನೆಣ್ಣೆ ಉಜ್ಜಿದ್ದೆ. ಹೊಯಿಗೆ ಚೆನ್ನಾಗಿ ಜಾರಲಿ ಎಂದು ಸ್ವಲ್ಪ ಜಾಸ್ತಿಯೇ.

ಸೆರಗು ಸಿಕ್ಕಿಸಿ ನಾನೇ ಏಣಿ ಹತ್ತಿದೆ. ಒಲೆಯ ಬೂದಿ, ಅಂಟುವಾಳದ ನೊರೆ, ತೆಂಗಿನ ನಾರು. ಹಚ್ಚಿದವಳೇ ತಿಕ್ಕಿದೆ. ವ್ಯಾಪಾರಿ ಹೊರಡಲು ಎದ್ದಾಗ, ಸಜ್ಜಿಗೆ ಆಗಿದೆ, ತಿನ್ನದೆ ಹೋದರೆ ಮನೆಗೆ ಮರ್ಯಾದೆಯಲ್ಲ ಎಂದು ಏಣಿಯ ಮೇಲಿನಿಂದಲೇ ಕೂಗಿದೆ. ಪಾಪ, ಕುಳಿತರು. ಸಜ್ಜಿಗೆಗೆ ಒಲೆ ಹೊತ್ತಿಸಿದ್ದು ಎಲ್ಲ ಮುಗಿದು ಏಣಿ ಇಳಿದ ಮೇಲೆ.

ಪುನಃ ನೀರು ಬಿಟ್ಟರು. ಮೊದಲ ಸುತ್ತಿನಲ್ಲಿ ಎಂತದೂ ಇಲ್ಲ. ಅದರ ಕೆಳಗೆ ಕಂಬದ ಬದಿಯಲ್ಲಿ ನೂಲಿನಂಥ ಒಂದು ಕೆಂಪು ಗೆರೆ ಮೂಡಿತು. ಇಳಿದಂತೆ ಅಗಲವಾಗಿ, ಸೀರೆಯ ಅಂಚಿನ ಹಾಗೆ ಬಿಳಿಯಿಂದ ಬಿಡಿಸಿಕೊಂಡು, ಒಳಬಾಯಿಯಿಂದ ಬುಟ್ಟಿಗೆ ಸುರಿಯಿತು. ಆ ಬಣ್ಣವನ್ನು ಹೇಗೆ ಬರೆಯಲಿ, ಪುನರ್ಪುಳಿ ಹಣ್ಣು ಒಡೆದ ಹಾಗೆ. ವ್ಯಾಪಾರಿ ಹಿಡಿ ತುಂಬ ತೆಗೆದು, ಬಿಸಿಲಿಗೆ ಹಿಡಿದು, ಕೆದಕಿ ಕೆದಕಿ ಬಿಳಿ ಹುಡುಕಿದರು. ಸಿಕ್ಕಲಿಲ್ಲ. ಎಷ್ಟಾದರೂ ತನಗೇ ಕೊಡಬೇಕು, ಲಾರಿ ಕಳುಹಿಸುತ್ತೇನೆ ಎಂದರು. ದೇರಣ್ಣ ತನ್ನ ಅಳಿಯನಿಗೂ ಇಲ್ಲಿ ಕೆಲಸ ಸಿಕ್ಕೀತೇ ಎಂದು ಕೇಳಿಯೇ ಮನೆಗೆ ಹೋದದ್ದು.

ಸರ್ವೋತ್ತಮ ಕುಣಿಯಲಿಲ್ಲ, ಕೂಗಲಿಲ್ಲ. ಬುಟ್ಟಿಯ ಹತ್ತಿರ ಕುಕ್ಕರುಗಾಲಲ್ಲಿ ಕುಳಿತು ನನ್ನನ್ನು ನೋಡಿದ. “ಅಮ್ಮ, ಇನ್ನು ಅಪ್ಪ ಬರ್ತಾರಲ್ಲ?”

ಬರುತ್ತಾರೆ ಎಂದಿದ್ದೇನೆ. ನಿಮ್ಮನ್ನು ಕೇಳದೆ ಹೇಳಿದ ಮಾತು, ಅದನ್ನು ಉಳಿಸಿಕೊಡಿ. ಈ ಕಾಗದ ತರುವವನು ನಮ್ಮ ಹಟ್ಟಿ ಕೆಲಸದ ಗುರುವಪ್ಪ. ಉತ್ತರ ತೆಗೆದುಕೊಂಡೇ ಬಾ ಎಂದು ಅವನಿಗೆ ಹೇಳಿದ್ದೇನೆ, ಬರಿಗೈಯಲ್ಲಿ ಕಳುಹಿಸಬೇಡಿ.

ಹಾದಿ ನೋಡುತ್ತಿರುವ,
ವಾರಿಜಾಕ್ಷಿ

ಮತ್ತೊಂದು ಮಾತು. ಶನಿವಾರ ಕೆಂಪು ಬೀಳುವಾಗ ನಾನಿನ್ನೂ ಏಣಿಯ ಮೇಲಿದ್ದೆ. ಅಲ್ಲಿಂದ ತೋಡಿನ ಆಚೆ ಬದಿ ಚೆನ್ನಾಗಿ ಕಾಣುತ್ತದೆ. ಬಿದಿರು ಹಿಂಡಿಲಿನ ಹಿಂದೆ ನಿಂತು ಮುಂಡಾಸು ಬಿಚ್ಚಿ ಕಣ್ಣೊರೆಸಿಕೊಂಡವರ ಗುರುತು ಹಿಡಿಯಲು ನನಗೆ ಕನ್ನಡಕ ಬೇಡ. ಎಲ್ಲ ನೋಡಿದವರಿಗೇ ಎಲ್ಲವನ್ನೂ ಬರೆದೆ. ಮಗನಿಗೆ ಹೇಳಿಲ್ಲ, ಅದು ನೀವೇ ಹೇಳಬೇಕಾದದ್ದು. ಉತ್ತರ ಬರೆಯಲು ಕಷ್ಟವಾದರೆ ಬಿಡಿ, ಗುರುವಪ್ಪ ಅದರ ಬದಲು ನಿಮ್ಮ ಚೀಲ ಹೊತ್ತು ತರಲಿ.