ಯುರೋಪ್ ಬೇಡವೆಂದ ಮನೆಯಿಂದ

ಮಾಲಗಾಂವ, ತಾ. ಮಿರಜ
ರವಿವಾರ, ಜನವರಿ ೧೮

ಪ್ರೀತಿಯ ತಂಗಿ ಋತುಜಾಗೆ ಅಕ್ಕನ ಜಯ ಜಿನೇಂದ್ರ.

ಹೇಗಿದ್ದೀಯೇ? ಉಗಾರದ ಚಳಿಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲ ತಾನೆ? ಅವ್ವನ ಮೊಣಕಾಲು ನೋವು ಈಗ ಹೇಗಿದೆ? ಈ ಪತ್ರದ ಜೊತೆ ಹುರಿದ ಅಗಸಿ ಹಿಂಡಿಯನ್ನೂ ಉಗಾರಕ್ಕೆ ಹೊರಟ ಕುಂದಾ ಮಾವಶಿಯ ಕೈಲಿ ಕಳಿಸುತ್ತಿದ್ದೇನೆ, ಇಬ್ಬರೂ ರೊಟ್ಟಿಗೆ ಹಚ್ಚಿಕೊಂಡು ತಿನ್ನಿ. ಫೋನ್ ಬಿಟ್ಟು ಪತ್ರ ಏಕೆ ಎನ್ನಬೇಡ. ನನ್ನ ಫೋನು ಇಲೆಕ್ಷನ್ ಪ್ರಚಾರದ ಹುಡುಗರ ವಶದಲ್ಲಿದೆ. ನನ್ನ ಹೆಸರಿನಲ್ಲಿ ಅವರೇ ಊರಿಗೆಲ್ಲ ನಮಸ್ಕಾರ ಹಾಕುತ್ತಾರೆ. ಈ ಮನೆಯಲ್ಲಿ ಕನ್ನಡ ಮಾತಾಡುವವರು ಎಲ್ಲರೂ, ಓದಬಲ್ಲವರು ನಾವಿಬ್ಬರೇ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಾವು ಇಲ್ಲಿಗೆ ಹೇಗೆ ಬಂದು ಮುಟ್ಟಿದೆವು ಎಂದು ಒಬ್ಬಳೇ ಕೂತು ಯೋಚಿಸುತ್ತೇನೆ. ನಮ್ಮ ದ್ರಾಕ್ಷಿಯಲ್ಲಿ ಸಿಂಪಡಿಸಿದ ಔಷಧದ ಅಂಶ ಸಿಕ್ಕಿತೆಂದು ಹಾಲೆಂಡಿನ ಬಂದರಿನಲ್ಲಿ ಕಂಟೇನರು ತಿರಸ್ಕರಿಸಿದರಲ್ಲ, ಆಗ ನಿನ್ನ ಭಾವ ತೋಟದಲ್ಲಿ ನಿಂತು ಅತ್ತಿದ್ದರು. ಆ ಅಳು ಸುಳ್ಳಲ್ಲ ಋತು, ನಾನು ಪಕ್ಕದಲ್ಲೇ ಇದ್ದೆ. ಆ ಸಿಟ್ಟಿನಿಂದ ಹುಟ್ಟಿದ್ದು ದ್ರಾಕ್ಷಿ ಸ್ವಾಭಿಮಾನ ಆಘಾಡಿ ಎಂಬ ಈ ಪಾರ್ಟಿ. "ಯುರೋಪದವರ ಕಾಯ್ದೆ ನಮ್ಮ ಬಳ್ಳಿಗ್ಯಾಕ? ಅವರ ಕಡೆ ಒಂದು ಗೊನಿನೂ ಹೋಗೂದು ಬ್ಯಾಡ" ಎಂದು ಇವರು ಕೂಗಿದರೆ ಜನ ಸೀಟಿ ಹೊಡೆಯುತ್ತಿದ್ದರು. ನಿನ್ನ ಗಂಡ ಭೂಷಣನೇ ಆಗ ತನ್ನ ಅಣ್ಣನ ಬಲಗೈ. ಆಮೇಲೆ ಅವನೇ "ಪೂರಾ ಬಿಟ್ಟರ ನಡಿಯಂಗಿಲ್ಲ, ಒಳಗಿದ್ದು ಜಗಳಾ ಮಾಡೂಣು" ಎಂದ. "ಒಳಗಿದ್ದಾಂವ ಅವರ ಆಳ ಆಗ್ತಾನ" ಎಂದರು ಇವರು. ಒಂದು ಟೆಂಪೋದಲ್ಲಿ ಹಿಡಿಸುವಷ್ಟು ಜನರ ಆಘಾಡಿ ಎರಡಾಯಿತು. ಪಂಚಾಯತ ಸಮಿತಿಯ ಸೀಟು ಹೆಂಗಸರಿಗೆ ಮೀಸಲಾದದ್ದೇ ತಡ, ಅಣ್ಣ ನನ್ನನ್ನು ನಿಲ್ಲಿಸಿದರು, ತಮ್ಮ ನಿನ್ನನ್ನು. ಒಂದೇ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ನಮ್ಮನ್ನು ಯಾರೂ ಕೇಳಲಿಲ್ಲ. "ಎದುರು ಪಾರ್ಟಿಯಾಕಿ ನನ್ನ ಮನ್ಯಾಗ ಯಾಕ?" ಎಂದು ಇವರು ಹೇಳಿದ ದಿನ ನೀನು ಚೀಲ ಹಿಡಿದು ಇಳಿದು ತವರಿಗೆ ಹೋದೆ. ನಾನು ಜಗಲಿಯವರೆಗೂ ಬರದಂತೆ ಮಾಡಿದರು.

ಶುಕ್ರವಾರ ಸಂಜೆ ಚೌಕದಲ್ಲಿ ಸಭೆ. "ಋತುಜಾ ಯುರೋಪದ ಏಜಂಟ ಅದಾಳ ಅಂತ ಇಷ್ಟ ಹೇಳಿ ಕುಂದ್ರು, ಸಾಕು" ಎಂದು ನಿನ್ನ ಭಾವ ಕಲಿಸಿ ಕಳಿಸಿದ್ದರು. ನಾನು ಮೈಕ್ ಹಿಡಿದೆ. "ಋತುಜಾ ನನ್ನ ತಂಗಿ. ಆಕಿ ಯಾರ ಏಜಂಟೂ ಅಲ್ಲ. ನನಗ ಈ ಇಲೆಕ್ಷನ್ ಬ್ಯಾಡ್ರಿ" ಎಂದೆ. ಬಿಡುಗಡೆಯಾಯಿತು ಎಂದುಕೊಂಡೆ. ಅಷ್ಟರಲ್ಲಿ ಇವರು ಮೈಕ್ ಕಸಿದುಕೊಂಡು, "ಬಘಾ, ಕೇವಢಂ ಮೋಠಂ ಮನ!" ಎಂದು ಮರಾಠಿಯಲ್ಲಿ ನನ್ನ ದೊಡ್ಡ ಮನಸ್ಸನ್ನು ಹೊಗಳಿದರು. ವೈರಿಯನ್ನೂ ತಂಗಿ ಎನ್ನುವಾಕೆ, ಖುರ್ಚಿಯನ್ನೇ ಒಲ್ಲೆನೆನ್ನುವಾಕೆ, ಇಂಥವಳಿಗಲ್ಲದೆ ಯಾರಿಗೆ ಕೊಡುತ್ತೀರಿ ಓಟು ಎಂದು ಕೇಳಿದರು. ಚಪ್ಪಾಳೆಯೋ ಚಪ್ಪಾಳೆ. ನನ್ನ ಕೊರಳಿಗೆ ಹಾರ ಬಿತ್ತು. ಬೇಡ ಎಂದರೂ ಬೇಕು ಎಂದೇ ಕೇಳಿಸುವ ಊರಿನಲ್ಲಿ ಇನ್ನು ಏನು ಹೇಳಲಿ? ಮನೆಗೆ ಬಂದ ಮೇಲೆ ಇವರೇ ಹಾಲು ಬಿಸಿ ಮಾಡಿ ತಂದುಕೊಟ್ಟು, "ಇವತ್ತ ನಿನ್ನಿಂದ ಗೆದ್ವಿ" ಎಂದರು. ಪ್ರೀತಿಯಿಂದಲೇ ಹೇಳಿದರು. ಅದಕ್ಕೇ ಇನ್ನೂ ಉಸಿರು ಕಟ್ಟಿತು.

ಮಾಳಿಗೆಯ ಮುಂದೆ ನನ್ನ ಫೋಟೋದ ದೊಡ್ಡ ಬ್ಯಾನರು ಕಟ್ಟಿ ಕಿಟಕಿ ಮುಚ್ಚಿಹೋಗಿದೆ. ಹಗಲಿನಲ್ಲೂ ದೀಪ ಹಚ್ಚಿ, ನನ್ನದೇ ಮುಖದ ಬೆನ್ನ ಹಿಂದೆ ಕೂತು ಬರೆಯುತ್ತಿದ್ದೇನೆ.

ಅವ್ವನ ಪಾದಕ್ಕೆ ನನ್ನ ನಮಸ್ಕಾರ ಹೇಳು. ಔಷಧ ತಪ್ಪಿಸಬೇಡ. ನಿನಗೆ ಒಳ್ಳೆಯದಾಗಲಿ ತಂಗೀ.

ನಿನ್ನ ಅಕ್ಕ,
ಸ್ವಪ್ನಾಲಿ

ತಾ.ಕ.: ಮಾವಶಿ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾಳೆ. ಈಗಷ್ಟೇ ಬುತ್ತಿ ಕೊಡಲು ತೋಟಕ್ಕೆ ಹೋಗಿ ಬಂದೆ. ತಲೆಗೆ ಟೋಪಿ, ಕೈಗೆ ಗ್ಲೋವ್ಸ್ ಹಾಕಿಕೊಂಡ ಹೆಂಗಸರು ನಮ್ಮ ದ್ರಾಕ್ಷಿ ಕೊಯ್ಯುತ್ತಿದ್ದಾರೆ. ಯುರೋಪಿಗಂತೆ! ಕೇಳಿದರೆ ನಿನ್ನ ಭಾವ, "ಆಘಾಡಿ ಬ್ಯಾರೆ, ತ್ವಾಟ ಬ್ಯಾರೆ" ಎಂದರು. ಕ್ರೇಟು ಗಾಡಿಗೆ ಏರಿಸುತ್ತಿದ್ದವನು ಯಾರು ಗೊತ್ತೇ? ನಿನ್ನ ಗಂಡ. ಅಣ್ಣತಮ್ಮ ಒಂದೇ ಚಹಾ ಹಂಚಿಕೊಂಡು ಕುಡಿದರು. "ಇಲೆಕ್ಷನ್ ಮುಗಿಯೂತನಕ ಹಿಂಗ ಇರ್ತದ ವೈನಿ, ಮನಸ್ಸಿಗಿ ಹಚ್ಕೋಬ್ಯಾಡ್ರಿ" ಎಂದು ಭೂಷಣ ನಕ್ಕ. ಹಾಗಾದರೆ ಒಡೆದದ್ದು ನಾವಿಬ್ಬರೇ. ಹೆಸರು ಹಿಂತೆಗೆದುಕೊಳ್ಳಲು ಮಂಗಳವಾರ ಕಡೆಯ ದಿನ. ಅಂದು ಹಲ್ಲು ತೋರಿಸಲೆಂದು ಹೇಳಿ ಮಿರಜಕ್ಕೆ ಹೊರಡುತ್ತೇನೆ; ನೀನು ಬೆಳಗಿನ ಗಾಡಿಗೆ ತಹಶೀಲ ಕಚೇರಿಗೆ ಬಾ. ಒಬ್ಬಳು ಹಿಂದೆ ಸರಿದರೆ ಇನ್ನೊಬ್ಬಳು ಆ ಖುರ್ಚಿಗೆ ಸಿಕ್ಕಿಬೀಳುತ್ತಾಳೆ, ಇಬ್ಬರೂ ಸಹಿ ಮಾಡಬೇಕು. ಒಬ್ಬಳೇ ಒಳಗೆ ಹೋಗುವ ಧೈರ್ಯ ನನಗಿಲ್ಲ ಋತು. ಬಾ.