ಬಲಭುಜದ ನೋವಿನ ಪುಸ್ತಕ

ಅಕ್ಟೋಬರ್ 14, ಬೆಳಿಗ್ಗೆ 6

ಗೋಡೆಯ ಮೇಲೆ ಬೆರಳು ನಡೆಸಿದ್ದು ಹತ್ತು ಸಲ. ಕಿವಿಯ ಎತ್ತರಕ್ಕೆ ನಿಂತಿತು. ನೋವು 8. ಹೀಗೆ ದಿನಾ ಬರೆಯಬೇಕಂತೆ, ಮಡಿಕೇರಿಯ ಫಿಸಿಯೋ ಲಿಖಿತಾ ಮೇಡಂ ಹುಕುಂ. ಸೊನ್ನೆ ಅಂದರೆ ನೋವೇ ಇಲ್ಲ, ಹತ್ತು ಅಂದರೆ ತಡೆಯಲಾಗದ್ದು. ಬರೀ ನಂಬರ್ ಸಾಕು ಅಂದಿದ್ದಾರೆ. ನನಗೆ ಅಷ್ಟಕ್ಕೆ ಸುಮ್ಮನಿರಲು ಬರುವುದಿಲ್ಲ.

ಮಾರ್ಚ್‌ನಲ್ಲಿ ಮರಕ್ಕೆ ಹಬ್ಬಿದ ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದೆ. ಹಾಲವಾಣದ ಕೊಂಬೆಗೆ ಏಣಿ ಒರಗಿಸಿದ್ದು ನಾನೇ — ಹನ್ನೆರಡು ವರ್ಷ ಹತ್ತಿದವಳು, ಆ ಮರ ಎಷ್ಟು ಮೆದು ಅಂತ ಗೊತ್ತಿದ್ದವಳು. ಮೂಳೆ ಮುರಿಯಲಿಲ್ಲ. ಆದರೆ ನೋಯುತ್ತದೆ ಅಂತ ಮೂರು ತಿಂಗಳು ಕೈಯನ್ನು ಬಟ್ಟೆಯಲ್ಲಿ ಕಟ್ಟಿ ಎದೆಗೆ ಅವುಚಿಕೊಂಡೆ. ಭುಜ ಹಾಗೇ ಬಿಗಿದು ಕೂತಿತು. ಬಿದ್ದದ್ದಕ್ಕಿಂತ ಕಟ್ಟಿಕೊಂಡದ್ದೇ ದೊಡ್ಡ ತಪ್ಪು ಅಂದರು ಮೇಡಂ.

ಅಕ್ಟೋಬರ್ 19

9. ಗಂಗೆ ಬಂದು ವ್ಯಾಯಾಮಕ್ಕೆ ಕೈ ಎಳೆದಳು. ಎಸ್ಟೇಟ್ ಕೂಲಿಗಳ ಸಾಲುಮನೆಯಲ್ಲಿ, ಈ ಲೈನ್‌ನಲ್ಲಿ, ಪಕ್ಕದ ಮನೆಯವಳು, ನಾನು ಮರ ಹತ್ತಿದರೆ ಕೆಳಗೆ ಏಣಿ ಹಿಡಿಯುವವಳು. ಮೆತ್ತಗೆ ಎಳೆಯುವುದು ಅವಳ ಜಾಯಮಾನದಲ್ಲೇ ಇಲ್ಲ. ನಾನು ಕಿರುಚಿದ್ದಕ್ಕೆ ಲೈನ್‌ನ ನಾಯಿಗಳೆಲ್ಲ ಬೊಗಳಿದವು.

"ಹೆರಿಗೆಗೂ ಇಷ್ಟು ಕೂಗಿರ್ಲಿಲ್ವಲ್ಲಕ್ಕ ನೀನು?"

ಹೌದು. ಹೆರಿಗೆ ಒಂದು ಹೊತ್ತಿಗೆ ಮುಗಿಯಿತು. ಇದು ನಾಳೆ ಬೆಳಿಗ್ಗೆ ಆರಕ್ಕೆ ಮತ್ತೆ ಇದೆ, ನಾಡಿದ್ದೂ ಇದೆ. ಹೆದರಿಕೆ ಅದಕ್ಕೇ.

ನವೆಂಬರ್ 3

ಎಸ್ಟೇಟಿನಲ್ಲಿ ಕೆಲಸ ಹಂಚುವವರು ರೈಟರ್ ಕೀರ್ತಿಕುಮಾರ್. ದಾರಿಯಲ್ಲಿ ನಿಲ್ಲಿಸಿದರು.

"ಉಷಾ, ಫೆಬ್ರವರಿಗೆ ಮೆಣಸು ಶುರು. ಏಣಿಗೆಲ್ಲ ನಿತೇಶನ ಗ್ಯಾಂಗೇ ಸಾಕು. ನೀವು ನೆಲಕ್ಕೆ ಉದುರಿದ್ದು ಆರಿಸ್ಕೊಂಡಿರಿ."

ಒಳ್ಳೆಯ ಮಾತಿನಲ್ಲೇ ಹೇಳಿದರು. ಅದಕ್ಕೇ ಇನ್ನಷ್ಟು ಉರಿಯಿತು.

"ಮೊದಲನೇ ದಿನ ಒಂದು ಮರ ಕೊಯ್ದು ತೋರಿಸ್ತೀನಿ ಸಾರ್. ಆಗ್ಲಿಲ್ಲಾಂದ್ರೆ ನೆಲಕ್ಕೆ ಹಾಕಿ."

"ತುದಿವರೆಗೂ?"

"ತುದಿವರೆಗೂ. ಬಲಗೈಲೇ."

ಬಾಯಿ ಸುಮ್ಮನಿರಬೇಕಲ್ಲ! ಈ ತೋಟದಲ್ಲಿ ಏಣಿ ಹತ್ತುವ ಹೆಂಗಸು ನಾನೊಬ್ಬಳೇ. ಮೇಲೆ ನಿಂತಾಗ ನನಗೆ ಯಾರೂ ಏನೂ ಹೇಳಲಾರರು. ಆ ಜಾಗ ಬಿಟ್ಟುಕೊಡಲು ಮನಸ್ಸಿಲ್ಲ. ಬೆರಳು ಹಣೆಯವರೆಗೆ. 7.

ನವೆಂಬರ್ 22

ಒಂದು ಕಂಡುಹಿಡಿದೆ. ಕೈ ಎತ್ತಿ ಹಿಡಿದರೆ ನೋವು ಆರು ಎಣಿಸುವವರೆಗೆ ಏರುತ್ತದೆ. ಏಳಕ್ಕೆ ನಿಲ್ಲುತ್ತದೆ. ಹತ್ತರ ಹೊತ್ತಿಗೆ ಇಳಿಯುತ್ತದೆ... ಇಷ್ಟು ದಿನ ಮೂರಕ್ಕೇ ಕೈ ಬಿಡುತ್ತಿದ್ದೆ. ಇಳಿಯುವುದನ್ನು ನೋಡಿಯೇ ಇರಲಿಲ್ಲ.

ನೋವು ನಿನ್ನೆಯಷ್ಟೇ ಇತ್ತು. ಆದರೂ 5 ಅಂತ ಬರೆಯಲು ಕೈ ಹೋಯಿತು. ಸುಳ್ಳಾಗುತ್ತದೇನೋ ಅಂತ ಮೇಡಂಗೆ ಫೋನ್ ಮಾಡಿದೆ.

"ಸುಳ್ಳಲ್ಲ ಉಷಾ ಅವರೇ. ಹೆದರಿಕೆ ಕಮ್ಮಿ ಆಗ್ತಿದೆ, ಅಷ್ಟೇ. ಅದೂ ನೋವಿನೊಳಗೇ ಸೇರಿರುತ್ತೆ."

ಡಿಸೆಂಬರ್ 5

ಇವತ್ತು ಜಾಣತನ ಮಾಡಿದೆ. ನೋವಿನ ಮಾತ್ರೆ ಒಂದರ ಬದಲು ಎರಡು ನುಂಗಿ ಕೂತೆ. ಆಮೇಲೆ ಪುಟ್ಟರಾಜು ಹತ್ತಿರ ಕೈ ಎಳೆಸಿಕೊಂಡೆ. ನನ್ನ ಗಂಡ, ಎಸ್ಟೇಟ್ ಜೀಪಿನ ಡ್ರೈವರ್. "ಇನ್ನೂ ಎಳಿ, ಇನ್ನೂ ಎಳಿ" ಅಂದೆ. ಬೆರಳು ನೆತ್ತಿ ದಾಟಿತು. ನೋವು 0! ಇದು ಮೊದಲೇ ಯಾಕೆ ಹೊಳೆಯಲಿಲ್ಲ?

ಡಿಸೆಂಬರ್ 20

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಭುಜ ಊದಿ ಹದಿನೈದು ದಿನ. 10, 10, 10. ಮೇಡಂ ಇವತ್ತು ಸರಿಯಾಗಿ ಬೈದರು.

"ನೋವು ಬ್ರೇಕ್ ಇದ್ದ ಹಾಗೆ. ನೀವು ಬ್ರೇಕ್ ಕಿತ್ತುಹಾಕಿ ಘಾಟಿ ಇಳಿದಿದ್ದೀರಿ."

ಪುಟ್ಟರಾಜು ತಲೆ ತಗ್ಗಿಸಿ ನಿಂತಿದ್ದ. ಪಾಪ, ಘಾಟಿ ಅಂದರೆ ಏನೆಂದು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಸ್ಸಿನಲ್ಲಿ ಮಡಿಕೇರಿಯಿಂದ ಚೆಟ್ಟಳ್ಳಿಯವರೆಗೂ ಅತ್ತೆ. ಜನ ನೋಡಿದರು. ನೋಡಲಿ.

ಜನವರಿ 9

ತೋಟದಲ್ಲಿ ಆನೆ. ಯಾರಿಗೂ ಕೆಲಸ ಇಲ್ಲ. ಹೊರಗೆ ಹೋಗುವಂತಿಲ್ಲ — ಮೂರು ಸಲ ಬೆರಳನ್ನು ಗೋಡೆ ಹತ್ತಿಸಿದೆ. ಈಗ ಎರಡು ನೋವು ಬೇರೆ ಬೇರೆ ಗೊತ್ತಾಗುತ್ತವೆ. ಎಳೆಯುವ ನೋವು ಬಂದರೆ ಬರಲಿ, ಎಣಿಸುತ್ತಾ ನಿಲ್ಲುತ್ತೇನೆ. ಚುಚ್ಚುವ ನೋವು ಬಂದರೆ ಅಲ್ಲಿಗೇ ಬಿಡುತ್ತೇನೆ. ಇದನ್ನು ಕಲಿಯಲು ಹತ್ತು ತಿಂಗಳು ಹಾಳು ಮಾಡಿಕೊಂಡೆ. 6.

ಜನವರಿ 28

ಕೈ ಪೂರ್ತಿ ಮೇಲೆ. ಪೂರ್ತಿ! ಅತ್ತದ್ದು ಮಾತ್ರ ಗಂಗೆ. 6.

ಫೆಬ್ರವರಿ 2, ಮಧ್ಯಾಹ್ನ

ಅಕ್ಷರ ಹೇಗಾದರೂ ಇರಲಿ, ಈಗಲೇ ಬರೆಯಬೇಕು.

ರೈಟರ್ ಒಂದು ಸಿಲ್ವರ್ ಓಕ್ ಮರ ತೋರಿಸಿದರು. ತೋಟದಲ್ಲೇ ಎತ್ತರದ್ದು — ಮಹಾನುಭಾವ! ಒಂಟಿ ಬಿದಿರಿನ ಏಣಿ. ಎರಡು ಸಲ ಅಲ್ಲಾಡಿಸಿ ನೋಡಿ, ಕಟ್ಟಿ ಹತ್ತಿದೆ. ನಿತೇಶನ ಗ್ಯಾಂಗ್ ಕೆಲಸ ಬಿಟ್ಟು ನೋಡುತ್ತಿತ್ತು. ಮುಕ್ಕಾಲು ಮರ ಸಲೀಸು. ತುದಿಯ ಬಳ್ಳಿಗೆ ಕೈ ಚಾಚಿದೆ, ಭುಜ ಹಿಡಿದುಕೊಂಡಿತು. ಗೊಂಚಲು ಒಂದು ಗೇಣು ಆಚೆ. ಕೈ ಮುಂದೆ ಹೋಗದು. ಕಣ್ಣಲ್ಲಿ ನೀರು.

"ಸಾಕು ಉಷಾ, ಇಳೀರಿ!" ರೈಟರ್ ಕೂಗಿದರು.

ಎಳೆಯುವ ನೋವೋ ಚುಚ್ಚುವ ನೋವೋ? ಕೇಳಿಕೊಂಡೆ. ಎಳೆಯುವುದೇ. ಇದು ನನಗೆ ಗೊತ್ತಿರುವ ನೋವು.

"ತಡೀರಿ ಸಾರ್! ಈಗಿನ್ನೂ ನಾಲ್ಕು!"

ಅವರಿಗೆ ತಲೆಬುಡ ಅರ್ಥವಾಗಲಿಲ್ಲ. ಗಂಗೆಗೆ ಆಯಿತು. ಏಣಿ ತಬ್ಬಿಕೊಂಡೇ ಕಿರುಚಿದಳು — "ಐದು! ಆರು!" ಏಳಕ್ಕೆ ನೋವು ನಿಂತಿತು. ಒಂಬತ್ತಕ್ಕೆ ಭುಜ ಸಡಿಲಾಯಿತು. ಕೈ ಹೋಯಿತು. ಗೊಂಚಲು ಬೆರಳಿಗೆ ಸಿಕ್ಕಿತು. ತುದಿಯಲ್ಲಿ ಒಂದು ಕಾಳೂ ಬಿಡಲಿಲ್ಲ.

ಇಳಿದಾಗ ಮೊದಲು ಮಾತಾಡಿದ್ದು ನಿತೇಶ್. "ಅಕ್ಕಾ, ಆ ತುದೀದು ನಾನಾಗಿದ್ರೆ ಹಕ್ಕಿಗೆ ಅಂತ ಬಿಟ್ಟು ಇಳೀತಿದ್ದೆ." ರೈಟರ್ ಚೀಲ ಎತ್ತಿ ತೂಗಿ ನೋಡಿದರು.

ನೋವು 8. ಇಷ್ಟು ಸಂತೋಷದ ಎಂಟು ಈ ಪುಸ್ತಕದಲ್ಲೇ ಇಲ್ಲ.

ಫೆಬ್ರವರಿ 3, ಬೆಳಿಗ್ಗೆ 7

ಎರಡೂ ಕೈ ಹಿಂದಕ್ಕೆ ಒಯ್ದು ನಾನೇ ಜಡೆ ಹಾಕಿಕೊಂಡೆ. ಹನ್ನೊಂದು ತಿಂಗಳು ಪುಟ್ಟರಾಜು ಹಾಕಿದ ಜಡೆ ದೇವರಿಗೇ ಪ್ರೀತಿ.

ಭುಜ ಚೆನ್ನಾಗಿಯೇ ನೋಯುತ್ತಿದೆ. ಪೂರ್ತಿ ಹೋಗುತ್ತದೆ ಅಂತ ಮೇಡಂ ಯಾವತ್ತೂ ಹೇಳಿಲ್ಲ. ಹೋದ ಮೇಲೆ ಬದುಕೋಣ ಅಂತ ಕಾದು ಕೂರುವುದನ್ನು ನಾನು ಬಿಟ್ಟಿದ್ದೇನೆ. ಇವತ್ತು ಎಷ್ಟು ಮರ ಆಗುತ್ತದೋ ಅಷ್ಟು...

ಲೈನ್ ಮುಂದೆ ಎಲ್ಲರೂ ಸೇರಿದ್ದಾರೆ. ನಾನು ಮೆಟ್ಟಿಲ ಮೇಲೆ ಕೂತೇ ಬರೆಯುತ್ತಿದ್ದೇನೆ. ರೈಟರ್ ಹೆಸರು ಕರೆದು ಮುಗಿಸಿದರು. "ಏಣಿಗೆ ಹೋಗೋರು ಕೈ ಎತ್ತಿ!" ಅನ್ನುತ್ತಿದ್ದಾರೆ, ನನ್ನ ಕಡೆಯೇ ನೋಡುತ್ತಾ. ಪೆನ್ನು ಹಿಡಿದ ಕೈಯನ್ನೇ